ನಾಲ್ಕು ಸಾಲಿನ ಸುದ್ದಿ

ಸಾಮಾನ್ಯ ಜ್ಞಾನ ಎಂಬ ಹೆಸರನ್ನು ಮೊದಲು ಇಟ್ಟ ಮಹಾನುಭಾವರು ಯಾರೋ, ಅವರಿಗೆ ಹಾಸ್ಯಪ್ರಜ್ಞೆ ಚೆನ್ನಾಗಿದ್ದಿರಬೇಕು. ಸಾಮಾನ್ಯರಾದ ನಮ್ಮ ನಿಮ್ಮಂಥವರಿಗೆ ಗೊತ್ತಿರುವ ಸಂಗತಿಗಳಿಗೆ ಆ ಹೆಸರಿಲ್ಲ. ತೊಗರಿಬೇಳೆಯ ಧಾರಣೆ, ಕಡೆಯ ಬಸ್ಸು ಹೊರಡುವ ವೇಳೆ, ಮಗುವಿಗೆ ನಾಯಿಕೆಮ್ಮು ಬಂದರೆ ಕೊಡಬೇಕಾದ ಕಷಾಯ—ಇವನ್ನು ಯಾವ ಪರೀಕ್ಷೆಯಲ್ಲೂ ಯಾರೂ ಕೇಳುವುದಿಲ್ಲ. ನಮ್ಮ ಬೀದಿಯಲ್ಲಿ ಒಬ್ಬರಿಗೂ ಗೊತ್ತಿಲ್ಲದ್ದು ಯಾವುದೋ ಅದೇ ಸಾಮಾನ್ಯ ಜ್ಞಾನ. ಮೊನ್ನೆ ನನ್ನ ಮೊಮ್ಮಗಳು ಯಾವುದೋ ನೌಕರಿಯ ಪರೀಕ್ಷೆಗೆಂದು ಇಟ್ಟಿಗೆಯಷ್ಟು ದಪ್ಪದ ಪುಸ್ತಕವೊಂದನ್ನು ತಂದಿಟ್ಟುಕೊಂಡಿದ್ದಳು. ತಿರುವಿಹಾಕಿ ನೋಡಿದೆ. ಒಂದೇ ಪುಟದಲ್ಲಿ ಧೃತರಾಷ್ಟ್ರನ ಸಂಸಾರ, ಒಂದು ಯುದ್ಧ, ಒಂದು ಹಕ್ಕಿ, ಒಂದು ಟೋಪಿ, ಒಬ್ಬ ನಟನ ವಿದ್ಯಾರ್ಹತೆ! ಸಂತೆಯಲ್ಲಿ ಕೂಡ ಬದನೆಕಾಯಿಯ ಪಕ್ಕದಲ್ಲಿ ಬಳೆ ಇಟ್ಟಿರುವುದಿಲ್ಲ.

“ಇದನ್ನೆಲ್ಲ ಓದಿದರೆ ಏನು ಬರುತ್ತೆ ತಾತ?” ಎಂದಳು, ಬೇಸರದಿಂದ.

“ನಿನಗೆ ಕೆಲಸ ಬರಬಹುದಮ್ಮ. ನನಗೆ ನಮ್ಮಣ್ಣನ ನೆನಪು ಬರುತ್ತೆ” ಎಂದೆ.

ಅವಳು ನಕ್ಕು ಪುಸ್ತಕವನ್ನು ಕಿತ್ತುಕೊಂಡು ಹೋದಳು. ಹೇಳಬೇಕಾಗಿದ್ದದ್ದು ನನ್ನಲ್ಲೇ ಉಳಿಯಿತು. ಅದನ್ನು ಇಲ್ಲಿ ಹೇಳುತ್ತೇನೆ.

ನಮ್ಮಣ್ಣ ಶಾಲೆಯಲ್ಲಿ ಓದಿದ್ದು ಮಿಡ್ಲ್ ಸ್ಕೂಲಿನ ಅರ್ಧದವರೆಗೆ. 1953ರಲ್ಲಿ ನಮ್ಮ ತಂದೆ ತೀರಿಕೊಂಡಾಗ ಅವನಿಗೆ ಹದಿಮೂರು ವರ್ಷ, ನನಗೆ ಐದು. ಮನೆಯಲ್ಲಿದ್ದ ಹಿತ್ತಾಳೆಯ ಪಾತ್ರೆಗಳು ಒಂದೊಂದಾಗಿ ಗಿರವಿ ಅಂಗಡಿಗೆ ಹೋಗಿ, ಹೋದವು ಮರಳಿ ಬಾರದೆ ಉಳಿದ ಮೇಲೆ, ಒಂದು ದಿನ ಅಣ್ಣ ತನ್ನ ಪುಸ್ತಕದ ಚೀಲವನ್ನು ಗೂಟಕ್ಕೆ ತಗುಲಿಹಾಕಿ ಮೈಸೂರಿನ ಒಂದು ಅಚ್ಚುಕೂಟಕ್ಕೆ ಕೆಲಸಕ್ಕೆ ಹೋದ. ಆ ಚೀಲವನ್ನು ಗೂಟದಿಂದ ಮುಂದೆ ತೆಗೆದುಕೊಂಡವನು ನಾನು. ಅದನ್ನೇ ಹೆಗಲಿಗೆ ಹಾಕಿಕೊಂಡು ಪ್ರೈಮರಿ ಶಾಲೆಗೆ ಹೋದೆ; ಅವನ ಸಂಬಳದಲ್ಲಿ ಹೈಸ್ಕೂಲಿಗೆ ಹೋದೆ; ಮಹಾರಾಜಾ ಕಾಲೇಜಿಗೆ ಹೋಗಿ ಚರಿತ್ರೆಯಲ್ಲಿ ಬಿ.ಎ. ಮಾಡಿ ಮೇಷ್ಟರಾದೆ. ಇದು ನಮ್ಮ ಪೀಳಿಗೆಯ ಎಷ್ಟೋ ಮನೆಗಳ ಕಥೆ. ಹೆಚ್ಚು ಬೆಳೆಸುವ ಅಗತ್ಯವಿಲ್ಲ.

ಅಚ್ಚುಕೂಟದ ವಿಚಾರವನ್ನು ಮಾತ್ರ ಸ್ವಲ್ಪ ಬೆಳೆಸಬೇಕು. ಐವತ್ತು ದಾಟದ ವಾಚಕರು ಮೊಳೆ ಜೋಡಿಸುವುದನ್ನು ಕಂಡಿರಲಾರರು. ಒಂದೊಂದು ಅಕ್ಷರವೂ ಒಂದೊಂದು ಸೀಸದ ಮೊಳೆ. ಮರದ ತಟ್ಟೆಯಲ್ಲಿ ಜೇನುಹುಟ್ಟಿನಂತೆ ಮನೆಗಳು, ಮನೆಗೊಂದು ಅಕ್ಷರ. ಇಂಗ್ಲಿಷಿನವರದು ಇಪ್ಪತ್ತಾರರ ಸಂಸಾರ. ನಮ್ಮದು ಕಾಗುಣಿತ, ಒತ್ತಕ್ಷರ ಎಲ್ಲ ಸೇರಿ ಅವಿಭಕ್ತ ಕುಟುಂಬ. ಎಡಗೈಯಲ್ಲಿ ಒಂದು ಕಬ್ಬಿಣದ ಸ್ಟಿಕ್ಕು ಹಿಡಿದು, ಬಲಗೈಯಿಂದ ಒಂದೊಂದೇ ಮೊಳೆಯನ್ನು ಹೆಕ್ಕಿ, ಸಾಲು ಕಟ್ಟಬೇಕು. ಮೊಳೆಯ ಮೇಲಿನ ಅಕ್ಷರ ಕನ್ನಡಿಯಲ್ಲಿ ಕಂಡಂತೆ ತಿರುವುಮುರುವು; ಅದನ್ನು ತಲೆಕೆಳಗಾಗಿ ಹಿಡಿದು ಓದಬೇಕು. ಕೈ ಪಳಗಿದವರಿಗೆ ಮನೆಯ ಕಡೆ ಕಣ್ಣು ಹಾಯಿಸುವುದೂ ಬೇಡ. ವೀಣೆಯವರ ಬೆರಳು ಮೆಟ್ಟಿಲು ಹುಡುಕಿಕೊಂಡಂತೆ ಬೆರಳು ತಾನೇ ಹುಡುಕಿಕೊಳ್ಳುತ್ತದೆ. ಒಂದು ವರ್ಷದಲ್ಲಿ ಅಣ್ಣ ಕೆಲಸ ಕಲಿತ. ಎರಡು ವರ್ಷದಲ್ಲಿ ಅವನ ಬೆರಳ ತುದಿಯ ಕಪ್ಪು ಸೀಗೆಪುಡಿಗೂ ಹೋಗದಂತಾಯಿತು.

ಆ ಅಚ್ಚುಕೂಟದಲ್ಲಿ ಒಂದು ವಾರಪತ್ರಿಕೆ ಅಚ್ಚಾಗುತ್ತಿತ್ತು. ಪತ್ರಿಕೆಯ ಪುಟವನ್ನು ಕಟ್ಟುವಾಗ ಒಂದು ತೊಂದರೆಯಿದೆ. ಲೇಖನ ಮುಗಿಯುತ್ತದೆ, ಕಾಲಂ ಮುಗಿಯುವುದಿಲ್ಲ. ಕೆಳಗೆ ನಾಲ್ಕು ಸಾಲಿನಷ್ಟೋ ಆರು ಸಾಲಿನಷ್ಟೋ ಜಾಗ ಬಾಯ್ದೆರೆದುಕೊಂಡಿರುತ್ತದೆ. ಅದನ್ನು ಖಾಲಿ ಬಿಟ್ಟರೆ ಹಲ್ಲು ಬಿದ್ದವರ ನಗೆಯಂತೆ ಕಾಣುತ್ತದೆ. ಅದಕ್ಕೆಂದೇ ಸಂಪಾದಕರು ಒಂದು ಹಳೆಯ ಬಿಸ್ಕತ್ತಿನ ಡಬ್ಬಿಯ ತುಂಬ ಚೀಟಿಗಳನ್ನು ಬರೆದು ಇಟ್ಟಿದ್ದರು. ಒಂದೊಂದು ಚೀಟಿಯಲ್ಲಿ ಒಂದೊಂದು ವಿಚಿತ್ರ ಸಂಗತಿ. ಮೂಲೆಯಲ್ಲಿ ಪೆನ್ಸಿಲಿನಿಂದ ಎಷ್ಟು ಸಾಲು ಎಂಬ ಗುರುತು. ಮೂರು ಸಾಲು ಬೇಕಾದರೆ ಮೂರು ಸಾಲಿನದು, ಐದು ಬೇಕಾದರೆ ಐದು ಸಾಲಿನದು. ಅರ್ಧ ರಾತ್ರಿಯಲ್ಲಿ ಸಂಪಾದಕರನ್ನು ಎಬ್ಬಿಸಲು ಆಗುತ್ತದೆಯೆ? ಡಬ್ಬಿ ಅಣ್ಣನ ವಶವಾಯಿತು. ಓದಲು ಅವನಿಗೆ ದೊರೆತ ವಿಶ್ವವಿದ್ಯಾಲಯವೆಂದರೆ ಆ ಬಿಸ್ಕತ್ತಿನ ಡಬ್ಬಿ.

ಹೀಗಾಗಿ ಅಣ್ಣನ ಪ್ರಪಂಚದಲ್ಲಿ ಪ್ರತಿಯೊಂದು ಸತ್ಯಕ್ಕೂ ಒಂದು ಉದ್ದವಿತ್ತು. “ಕೋಗಿಲೆ ಮೂರು ಸಾಲು” ಎನ್ನುತ್ತಿದ್ದ. “ಟರ್ಕಿ ಕೋಳಿ ಆರು ಸಾಲು. ಸ್ವಲ್ಪ ಕತ್ತರಿಸಿದರೆ ಐದಕ್ಕೂ ಬರುತ್ತೆ.” ರಾತ್ರಿ ಊಟಕ್ಕೆ ಕುಳಿತಾಗ ಅಂದಿನ ಚೀಟಿಯನ್ನು ಪ್ರಶ್ನೆಯಾಗಿ ನನ್ನ ತಟ್ಟೆಗೆ ಬಡಿಸುತ್ತಿದ್ದ. ನಾನು ಉತ್ತರ ಹೇಳುವವರೆಗೆ ಮಜ್ಜಿಗೆ ಇಲ್ಲ. ನಮ್ಮ ತಾಯಿ, “ಮಗೂನ ಉಣ್ಣೋಕೆ ಬಿಡೋ” ಎಂದು ಗದರಿ ಮಜ್ಜಿಗೆ ಹಾಕಿಬಿಡುತ್ತಿದ್ದರು.

ಕೋಗಿಲೆಯದು ಹೀಗೆ. ವಸಂತದಲ್ಲಿ ಮಾವಿನ ಮರದಿಂದ ‘ಕುಹೂ’ ಎಂದು ಕೂಗುವುದು ಗಂಡು. ಮೈಯೆಲ್ಲ ಕಪ್ಪು, ಕಣ್ಣು ಕೆಂಪು. ಹೆಣ್ಣಿನ ಮೈ ಕಂದು, ಮೇಲೆಲ್ಲ ಬಿಳಿಯ ಚುಕ್ಕೆ. ಅದರ ಕಂಠದಿಂದ ಹೊರಡುವುದು ‘ಕಿಕ್ ಕಿಕ್’ ಎಂಬ ಕರ್ಕಶ ಸದ್ದು. ಹಾಗಿರುವಾಗ ನಮ್ಮ ಸಭೆಗಳಲ್ಲಿ ಗಾಯಕಿಯರನ್ನು ಕೋಗಿಲಕಂಠಿ ಎಂದು ಹೊಗಳಿ ಹಾರ ಹಾಕುತ್ತಾರಲ್ಲ, ಅವರು ಯಾರಿಗೆ ಹೋಲಿಸುತ್ತಿದ್ದಾರೆಂದು ಅಣ್ಣನ ತಕರಾರು. ಹಂಸದ ವಿಚಾರದಲ್ಲೂ ಅವನಿಗೆ ಕವಿಗಳ ಮೇಲೆ ವಿಶ್ವಾಸವಿರಲಿಲ್ಲ. “ಹಾಲೂ ನೀರೂ ಬೇರೆ ಮಾಡುವ ಹಕ್ಕಿ ನಿಜವಾಗಿ ಇದ್ದಿದ್ದರೆ ನಮ್ಮ ಹಾಲಿನವನು ಈ ಬೀದಿಗೇ ಬರುತ್ತಿರಲಿಲ್ಲ.” ಆದರೂ ಹಿಮಾಲಯವನ್ನು ದಾಟಿ ಬಂದು ಗದಗದ ಬಳಿಯ ಮಾಗಡಿ ಕೆರೆಯಲ್ಲಿ ಚಳಿಗಾಲ ಕಳೆಯುವ ಪಟ್ಟೆತಲೆ ಹೆಬ್ಬಾತುಗಳನ್ನು ನೋಡಬೇಕೆಂದು ಬಹಳ ಆಸೆಪಟ್ಟಿದ್ದ. ಕರೆದುಕೊಂಡು ಹೋಗುತ್ತೇನೆಂದು ನಾನು ಎಷ್ಟೋ ವರ್ಷ ಹೇಳಿದೆ.

ಟರ್ಕಿ ಕೋಳಿಯದು ನಿಜವಾಗಿಯೂ ಆರು ಸಾಲಿಗೆ ತಕ್ಕ ಕಥೆ. ಅದರ ತವರು ಅಮೆರಿಕ. ಯೂರೋಪಿಗೆ ಬಂದಾಗ ಇಂಗ್ಲಿಷರು ಟರ್ಕಿಯಿಂದ ಬಂದದ್ದೆಂದುಕೊಂಡು ‘ಟರ್ಕಿ’ ಎಂದರು. ಟರ್ಕಿಯವರು ಹಾಗೆನ್ನಬೇಕಲ್ಲ? ಅವರು ‘ಹಿಂದಿ’ ಎನ್ನುತ್ತಾರೆ, ಎಂದರೆ ಇಂಡಿಯಾದ್ದು ಎಂದು. ಫ್ರೆಂಚರೂ ಇಂಡಿಯಾದ ಹೆಸರನ್ನೇ ಅದಕ್ಕೆ ಅಂಟಿಸಿದರು. ಡಚ್ಚರು ಇನ್ನೂ ನಿಖರವಾಗಿ ನಮ್ಮ ಪಕ್ಕದ ಕಲ್ಲಿಕೋಟೆಯ ಹೆಸರು ಕಟ್ಟಿದರು. ಪೋರ್ಚುಗೀಸರು ‘ಪೆರು’ ಎಂದರು. ಒಂದು ಬಡಪಾಯಿ ಹಕ್ಕಿ ಹುಟ್ಟಿದ ಮನೆಯ ಹೆಸರೊಂದನ್ನು ಬಿಟ್ಟು ಊರಿನ ಹೆಸರನ್ನೆಲ್ಲ ಹೊತ್ತು ತಿರುಗುತ್ತಿದೆ. “ಹೆಸರು ನೋಡಿ ಊರು ಹೇಳಬಾರದು” ಎಂದು ಅಣ್ಣ ಈ ಕಥೆಯ ಕೊನೆಗೆ ಯಾವಾಗಲೂ ಹೇಳುತ್ತಿದ್ದ. ಈ ಮಾತನ್ನು ವಾಚಕರು ದಯವಿಟ್ಟು ಜ್ಞಾಪಕದಲ್ಲಿಟ್ಟುಕೊಂಡಿರಬೇಕು, ನಾನು ಇಟ್ಟುಕೊಳ್ಳಲಿಲ್ಲ.

ಪುರಾಣದ ಚೀಟಿಗಳೆಂದರೆ ಅಣ್ಣನಿಗೆ ಹಬ್ಬ. “ಧೃತರಾಷ್ಟ್ರನಿಗೆ ಮಕ್ಕಳೆಷ್ಟು?” ನೂರು ಎಂದವನು ಸೋತ. ಗಾಂಧಾರಿಯ ನೂರು ಗಂಡುಮಕ್ಕಳ ಮೇಲೆ ದುಶ್ಶಲೆ ಒಬ್ಬಳು. ಅವಳನ್ನು ಸೇರಿಸಿ ನೂರ ಒಂದು ಎಂದವನೂ ಸೋತ. ದಾಸಿಯ ಮಗ ಯುಯುತ್ಸು ಇದ್ದಾನಲ್ಲ, ಪಾಂಡವರ ಕಡೆಗೆ ಬಂದು ಸೇರಿ ಯುದ್ಧ ಮುಗಿದ ಮೇಲೂ ಬದುಕಿ ಉಳಿದವನು? ಇನ್ನೊಂದು ಪ್ರಶ್ನೆ ಇನ್ನೂ ತುಂಟತನದ್ದು: “ದ್ರೌಪದಿಗೆ ಗಂಡಂದಿರೆಷ್ಟು?” ಐವರು ಎಂದು ಮಕ್ಕಳೂ ಹೇಳುತ್ತವೆ. “ಯಾರ ಪುಸ್ತಕದಲ್ಲಿ ಎಂದು ಕೇಳಬೇಕಯ್ಯ ಮೊದಲು!” ಎಂದು ಅಣ್ಣ ಗಹಗಹಿಸಿ ನಗುತ್ತಿದ್ದ. 941ರಲ್ಲಿ ಪಂಪ ಬರೆದ ವಿಕ್ರಮಾರ್ಜುನವಿಜಯದಲ್ಲಿ ದ್ರೌಪದಿಗೆ ಒಬ್ಬನೇ ಗಂಡ, ಅರ್ಜುನ. ತನ್ನ ದೊರೆ ಅರಿಕೇಸರಿಯನ್ನೇ ಅರ್ಜುನನೆಂದು ಹಾಡಲು ಹೊರಟ ಕವಿ, ದೊರೆಯ ಹೆಂಡತಿಯನ್ನು ಐದು ಪಾಲು ಮಾಡುವುದು ಹೇಗೆ? ಬಿ.ಎ. ಓದುತ್ತಿದ್ದ ನಾನು ಇದನ್ನು ಕಾಲೇಜಿನಲ್ಲಿ ಕೇಳಿ ಬಂದು ಅಣ್ಣನಿಗೆ ಹೇಳೋಣವೆಂದುಕೊಂಡರೆ, ಅವನು ಅದನ್ನು ಐದು ಸಾಲಿನಲ್ಲಿ ಎಂಟು ವರ್ಷದ ಹಿಂದೆಯೇ ಜೋಡಿಸಿದ್ದ.

ಗಣಪತಿಯ ವಿಷಯದಲ್ಲಿ ಮಾತ್ರ ಅವನಿಗೆ ನನ್ನ ಮೇಲೆ ಕೋಪ ಬಂದಿತ್ತು. ವ್ಯಾಸರು ಹೇಳಿದ ಭಾರತವನ್ನು ಬರೆದುಕೊಂಡ ಗಣಪತಿ ತನ್ನ ಕಸುಬಿನ ದೇವರೆಂದು ಅಣ್ಣನ ಹೆಮ್ಮೆ. “ಅವನಿಗೆ ವ್ಯಾಸರು ಹಾಕಿದ ಷರತ್ತು, ಅರ್ಥ ಮಾಡಿಕೊಂಡು ಬರೆಯಬೇಕು ಎಂದು. ನಮ್ಮ ಮಾಲೀಕರು ಹಾಕಿರುವ ಷರತ್ತು, ಅರ್ಥ ಮಾಡಿಕೊಳ್ಳುತ್ತ ಕೂರಬೇಡ, ಬೇಗ ಜೋಡಿಸು ಎಂದು.” ಪುಣೆಯ ಭಂಡಾರ್ಕರ್ ಸಂಸ್ಥೆಯ ವಿದ್ವಾಂಸರು ಹಸ್ತಪ್ರತಿಗಳನ್ನೆಲ್ಲ ಹೋಲಿಸಿ 1966ರಲ್ಲಿ ಪೂರೈಸಿದ ಭಾರತದಲ್ಲಿ ಆ ಕಥೆ ಮೂಲದಲ್ಲಿಲ್ಲ, ಪರಿಶಿಷ್ಟಕ್ಕೆ ಹೋಗಿದೆ ಎಂದು ನಾನು ಹೊಸ ಮೇಷ್ಟರ ಠೀವಿಯಲ್ಲಿ ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಬರೆದುಕೊಂಡವನ ಹೆಸರನ್ನು ತೆಗೆದುಹಾಕುವುದು ಎಲ್ಲ ಕಡೆಯೂ ಇದ್ದದ್ದೇ” ಎಂದ.

ಅವನು ನನ್ನನ್ನೂ ಬಿಡುತ್ತಿರಲಿಲ್ಲ. “ಏನು ಚರಿತ್ರೆಯ ಮೇಷ್ಟ್ರೆ, ನೂರು ವರ್ಷಗಳ ಯುದ್ಧ ಎಷ್ಟು ವರ್ಷ ನಡೆಯಿತು?” 1337ರಿಂದ 1453ರವರೆಗೆ, ನೂರ ಹದಿನಾರು. “ರಷ್ಯದ ಅಕ್ಟೋಬರ್ ಕ್ರಾಂತಿ ಯಾವ ತಿಂಗಳು?” ನಮ್ಮ ಈಗಿನ ಪಂಚಾಂಗದ ಲೆಕ್ಕದಲ್ಲಿ 1917ರ ನವೆಂಬರ್ 7. ಇವನ್ನು ನಾನು ನನ್ನ ತರಗತಿಯ ಮಕ್ಕಳಿಗೂ ಕೇಳುತ್ತಿದ್ದೆ, ಅಣ್ಣನ ಹೆಸರು ಹೇಳದೆ. ಮೂವತ್ತು ವರ್ಷ ಆ ಮಕ್ಕಳು ನನ್ನನ್ನು ಬಹಳ ತಿಳಿದವನೆಂದುಕೊಂಡಿದ್ದವು.

ಟೋಪಿಗಳ ಚೀಟಿ ಕಡಿಮೆ. ಗಾಂಧಿ ಟೋಪಿಯನ್ನು ಗಾಂಧೀಜಿ ಹಾಕಿಕೊಂಡದ್ದು ಕೆಲವೇ ಕಾಲ. 1921ರಲ್ಲಿ ಮಧುರೆಯಲ್ಲಿ ತುಂಡುಬಟ್ಟೆಗೆ ಇಳಿದಾಗ ಟೋಪಿಯನ್ನೂ ಬಿಟ್ಟರು, ಬಿಟ್ಟದ್ದನ್ನು ಊರೆಲ್ಲ ಹಾಕಿಕೊಂಡಿತು. ಷರ್ಲಾಕ್ ಹೋಮ್ಸನ ಕಿವಿಮುಚ್ಚುವ ಬೇಟೆಯ ಟೋಪಿ ಚಿತ್ರ ಬರೆದ ಸಿಡ್ನಿ ಪ್ಯಾಜೆಟ್ಟನ ಕೈಯಲ್ಲಿ ಆ ರೂಪ ಪಡೆದದ್ದು. ಲಂಡನ್ನಿನ ಬೌಲರ್ ಹ್ಯಾಟು 1849ರಲ್ಲಿ ತೋಟದ ಕಾವಲುಗಾರರ ತಲೆಗೆ ಕೊಂಬೆ ತಾಗದಿರಲೆಂದು ಹುಟ್ಟಿ, ಕೊನೆಗೆ ಬ್ಯಾಂಕಿನ ಗುಮಾಸ್ತರ ತಲೆಗೇರಿತು. ಇವುಗಳ ನಡುವೆ ನಾಲ್ಕು ಸಾಲಿನ ಇನ್ನೊಂದು ಟೋಪಿ ಇತ್ತು. ಅದರ ಸರದಿ ಆಮೇಲೆ ಬರುತ್ತದೆ.

ಇನ್ನು ನಟರ ವಿದ್ಯಾಭ್ಯಾಸ. ಇದು ಡಬ್ಬಿಯ ಚೀಟಿಯಲ್ಲ. ಅಣ್ಣನ ಸ್ವಂತ ಸಂಗ್ರಹ. ಯಾವ ನಟ ಎಷ್ಟು ಓದಿದ್ದಾನೆ ಎಂಬುದರಲ್ಲಿ ಅವನಿಗೆ ಎಷ್ಟು ಆಸಕ್ತಿಯೆಂದರೆ ನನಗೆ ಆಗ ಅದು ಬಾಲಿಶವೆನಿಸುತ್ತಿತ್ತು. ಬಲರಾಜ್ ಸಾಹನಿ ಲಾಹೋರಿನಲ್ಲಿ ಇಂಗ್ಲಿಷ್ ಎಂ.ಎ. ಮಾಡಿ, ಶಾಂತಿನಿಕೇತನದಲ್ಲಿ ಪಾಠ ಹೇಳಿದವರು. 1953ರ ‘ದೋ ಬಿಘಾ ಜಮೀನ್’ ಚಿತ್ರದಲ್ಲಿ ಕಲ್ಕತ್ತೆಯ ರಸ್ತೆಯಲ್ಲಿ ರಿಕ್ಷಾ ಎಳೆದರು. ನಮ್ಮ ರಾಜ್‌ಕುಮಾರ್ ಎಂಟರ ವಯಸ್ಸಿನ ಸುಮಾರಿಗೆ ಶಾಲೆ ಬಿಟ್ಟು ನಾಟಕದ ಕಂಪನಿಯಲ್ಲಿ ಬೆಳೆದವರು. ಶ್ರೀಕೃಷ್ಣದೇವರಾಯನಾಗಿ, ಮಯೂರನಾಗಿ ಸಿಂಹಾಸನದ ಮೇಲೆ ಕುಳಿತರು. “ಓದಿದವನು ರಿಕ್ಷಾ ಎಳೆದ, ಓದದವನು ರಾಜ್ಯ ಆಳಿದ. ಇಬ್ಬರಲ್ಲಿ ಯಾರು ಸುಳ್ಳಾಗಿ ಕಂಡರು ಹೇಳು?” ಎನ್ನುತ್ತಿದ್ದ. ಗಿರೀಶ ಕಾರ್ನಾಡರು ಧಾರವಾಡದಲ್ಲಿ ಗಣಿತ, ಸಂಖ್ಯಾಶಾಸ್ತ್ರ ಓದಿ, ರೋಡ್ಸ್ ವಿದ್ಯಾರ್ಥಿಯಾಗಿ ಆಕ್ಸ್‌ಫರ್ಡಿಗೆ ಹೋಗಿ ಬಂದವರು. 1970ರ ‘ಸಂಸ್ಕಾರ’ದಲ್ಲಿ ಅವರ ಪ್ರಾಣೇಶಾಚಾರ್ಯರನ್ನು ನೋಡಿ ಬಂದ ರಾತ್ರಿ ಅಣ್ಣ, “ಗಣಿತ ಓದಿದವರ ಮುಖದಲ್ಲಿ ಸಂಕಟ ಚೆನ್ನಾಗಿ ಬರುತ್ತೆ” ಎಂದ. ಕೊನೆಗಾಲದಲ್ಲಿ ನನ್ನ ಮಗನಿಂದ ಮಿಸ್ಟರ್ ಬೀನ್ ಪಾತ್ರದ ರೋವನ್ ಅಟ್ಕಿನ್‌ಸನ್ ಆಕ್ಸ್‌ಫರ್ಡಿನಲ್ಲಿ ಎಲೆಕ್ಟ್ರಿಕಲ್ ಇಂಜಿನಿಯರಿಂಗ್ ಓದಿದವನೆಂದು ತಿಳಿದು, ಒಂದು ವಾರ ಕಂಡಕಂಡವರಿಗೆಲ್ಲ ಹೇಳಿದ.

1976ರಲ್ಲಿ ಮೈಸೂರು ವಿಶ್ವವಿದ್ಯಾಲಯ ರಾಜ್‌ಕುಮಾರರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. ಪದವಿಯಿಲ್ಲವೆಂದು ಝುವಾಲಜಿಕಲ್ ಸರ್ವೆಯ ಕೆಲಸ ತಪ್ಪಿಹೋಗಿದ್ದ, ನಮ್ಮ ರಂಗನತಿಟ್ಟನ್ನು 1940ರಲ್ಲಿ ಪಕ್ಷಿಧಾಮ ಮಾಡಿಸಿದ ಸಲೀಂ ಅಲಿಯವರಿಗೆ ಪದ್ಮವಿಭೂಷಣ ಬಂದದ್ದೂ ಅದೇ ವರ್ಷ. ಅಂದು ಅಣ್ಣ ಮನೆಗೆ ಬಂದವನು ಮೈಸೂರು ಪಾಕಿನ ಪೊಟ್ಟಣ ಬಿಚ್ಚಿ ಎಲ್ಲರಿಗೂ ಕೊಟ್ಟ. ಏಕೆಂದು ಹೇಳಲಿಲ್ಲ. ಬಾವಿಕಟ್ಟೆಯಲ್ಲಿ ಬಹಳ ಹೊತ್ತು ಬೆರಳುಗಳನ್ನು ಉಜ್ಜುತ್ತ ನಿಂತಿದ್ದ. ನನಗೆ ಅರ್ಥವಾಗಲಿಲ್ಲವೆಂದರೆ ಸುಳ್ಳಾದೀತು. ಅರ್ಥವಾಯಿತು, ಆದರೆ ಅದಕ್ಕೆ ಏನು ಹೇಳಬೇಕೆಂಬುದು ಬಿ.ಎ.ಯಲ್ಲಿ ಪಾಠವಾಗಿರಲಿಲ್ಲ.

ಆಮೇಲೆ ಅಚ್ಚುಕೂಟಕ್ಕೆ ಕಂಪ್ಯೂಟರು ಬಂತು. ಅದು ಅಕ್ಷರಗಳನ್ನು ತಾನೇ ಹಿಗ್ಗಿಸಿ ಕುಗ್ಗಿಸಿ ಪುಟವನ್ನು ತುಂಬಿಸಿಬಿಡುತ್ತದೆ. ಅದಕ್ಕೆ ನಾಲ್ಕು ಸಾಲಿನ ಸುದ್ದಿಯ ಹಂಗಿಲ್ಲ. ಮೊಳೆಗಳನ್ನು ತೂಕಕ್ಕೆ ಹಾಕಿ ಮಾರಿದರು. ಅಣ್ಣ ಮನೆಯಲ್ಲಿ ಕುಳಿತ. 2002ರಲ್ಲಿ ಚಂದನ ವಾಹಿನಿಯಲ್ಲಿ ‘ಥಟ್ ಅಂತ ಹೇಳಿ’ ಪ್ರಾರಂಭವಾದ ಮೇಲೆ ಅವನಿಗೆ ಮತ್ತೆ ಜೀವ ಬಂದಂತಾಯಿತು. ಡಾ. ನಾ. ಸೋಮೇಶ್ವರ ಪ್ರಶ್ನೆಯನ್ನು ಮುಗಿಸುವ ಮೊದಲೇ ಆರಾಮಕುರ್ಚಿಯಿಂದ ಉತ್ತರ ಹೊರಡುತ್ತಿತ್ತು. ಗೆದ್ದವರಿಗೆ ಅಲ್ಲಿ ಪುಸ್ತಕ ಕೊಡುವುದನ್ನು ಕಂಡು, “ಇದು ಮರ್ಯಾದೆ” ಎಂದು ತಲೆದೂಗುತ್ತಿದ್ದ.

ಈಗ ಹೇಳಬೇಕಾದ ಭಾಗಕ್ಕೆ ಬರುತ್ತೇನೆ.

2009ರ ಗಣೇಶೋತ್ಸವದಲ್ಲಿ ನಮ್ಮ ಬಡಾವಣೆಯವರು ರಸಪ್ರಶ್ನೆಯ ಸ್ಪರ್ಧೆ ಏರ್ಪಡಿಸಿದರು. ನಿವೃತ್ತ ಮೇಷ್ಟರಾದ್ದರಿಂದ ಪ್ರಶ್ನೆ ಕೇಳುವ ಕೆಲಸ ನನ್ನ ತಲೆಗೆ ಬಂತು. ಒಂದು ಮಾರ್ಗದರ್ಶಿ ಪುಸ್ತಕವನ್ನು ಕೊಂಡು, ಪ್ರಶ್ನೋತ್ತರಗಳನ್ನು ನನ್ನ ಕೈಯಾರೆ ಕಾರ್ಡುಗಳಲ್ಲಿ ನಕಲು ಮಾಡಿಕೊಂಡೆ. ವಯಸ್ಸಿನ ಕಟ್ಟಿಲ್ಲವೆಂದು ಸಾರಿದ್ದರಿಂದ ಅಣ್ಣನೂ ಹೆಸರು ಕೊಟ್ಟ. ಅರವತ್ತೊಂಬತ್ತರ ಮುದುಕ, ಒಗೆದು ಮಡಿಕೆ ಮಾಡಿದ ಜುಬ್ಬ ಹಾಕಿಕೊಂಡು, ಕಾಲೇಜಿನ ಹುಡುಗರ ಮಧ್ಯೆ ಬೆಂಚಿನ ಮೇಲೆ ಕುಳಿತಿದ್ದ. ಒಬ್ಬೊಬ್ಬರೇ ಉದುರಿದರು. ಕೊನೆಗೆ ಉಳಿದವರು ಇಬ್ಬರು: ಒಬ್ಬ ಇಂಜಿನಿಯರಿಂಗ್ ವಿದ್ಯಾರ್ಥಿ ಮತ್ತು ನಮ್ಮಣ್ಣ. ಅಂಕ ಸಮಸಮ. ಬಹುಮಾನ, ಮುಚ್ಚಳದ ಮೇಲೆ ಹೂವಿನ ಚಿತ್ರವಿದ್ದ ಒಂದು ದೊಡ್ಡ ಸ್ಟೀಲ್ ಡಬ್ಬಿ, ಮೇಜಿನ ಮೇಲೆ ಹೊಳೆಯುತ್ತಿತ್ತು.

ನನ್ನ ಮನಸ್ಸಿನ ಸ್ಥಿತಿಯನ್ನು ಹೇಳಿಬಿಡಬೇಕು. ಮುಂದಿನ ಸಾಲಿನಲ್ಲಿ ಕುಳಿತಿದ್ದ ಒಬ್ಬರು ಇನ್ನೊಬ್ಬರ ಕಿವಿಯಲ್ಲಿ ಏನೋ ಹೇಳಿ ನಕ್ಕರು. ತಮ್ಮ ಪ್ರಶ್ನೆ ಕೇಳುತ್ತಾನೆ, ಅಣ್ಣ ಉತ್ತರ ಹೇಳುತ್ತಾನೆ ಎಂಬುದೇ ಆ ಮಾತಿರಬೇಕೆಂದು ನನಗೆ ಖಾತ್ರಿಯಾಯಿತು. ಬೇರೆ ಏನಾದರೂ ಇದ್ದಿರಬಹುದು. ಮಸಾಲೆ ದೋಸೆಯ ಮಾತೂ ಇದ್ದಿರಬಹುದು. ಆದರೆ ಆ ಕ್ಷಣದಿಂದ ನಾನು ನ್ಯಾಯಮೂರ್ತಿಯಾಗಿಬಿಟ್ಟೆ.

ಕಡೆಯ ಕಾರ್ಡು ತೆಗೆದೆ. “ಪನಾಮ ಟೋಪಿಯ ಮೂಲ ಯಾವ ದೇಶ?”

ಗಂಟೆ ಒತ್ತಿದವನು ಅಣ್ಣ. “ಈಕ್ವೆಡಾರ್” ಎಂದ.

ಕಾರ್ಡಿನಲ್ಲಿ ನನ್ನದೇ ದುಂಡು ಅಕ್ಷರದಲ್ಲಿ ‘ಪನಾಮ’ ಎಂದಿತ್ತು. ಅಣ್ಣನ ಮುಖ ನೋಡಿದೆ. ಅವನು ಊಹಿಸಿ ಹೇಳಿದಂತೆ ಇರಲಿಲ್ಲ. ಮೊಳೆಯನ್ನು ಮನೆಯಿಂದ ಹೆಕ್ಕಿ ಕೊಟ್ಟಂತೆ ಕೊಟ್ಟಿದ್ದ. ಒಂದು ಕ್ಷಣ ಅನುಮಾನವಾಯಿತು. ನಿಲ್ಲಿಸಿ, ನೋಡಿ ಹೇಳುತ್ತೇನೆ ಎನ್ನಬಹುದಾಗಿತ್ತು. ಬೇರೆ ಪ್ರಶ್ನೆ ಕೇಳಬಹುದಾಗಿತ್ತು. “ತಪ್ಪು” ಎಂದೆ. ಹುಡುಗ ಎದ್ದು ನಿಂತು, “ಪನಾಮ, ಸಾರ್” ಎಂದ. “ಸರಿ” ಎಂದೆ. ಚಪ್ಪಾಳೆ ಬಿತ್ತು.

ಅಷ್ಟಕ್ಕೆ ಬಿಟ್ಟಿದ್ದರೆ ಈ ಬರಹಕ್ಕೆ ಕಾರಣವಿರಲಿಲ್ಲ. ಸಭೆಯನ್ನು ರಂಜಿಸುವ ಚಪಲ ಮೈಕು ಹಿಡಿದವರನ್ನು ಬಿಡುವುದಿಲ್ಲ. “ನಮ್ಮಣ್ಣನಿಗೆ ಮೊದಲಿನಿಂದಲೂ ಮೊಳೆಯನ್ನು ತಲೆಕೆಳಗು ಓದಿ ಅಭ್ಯಾಸ, ಭೂಪಟವನ್ನೂ ಹಾಗೇ ಓದಿಬಿಟ್ಟಿದ್ದಾರೆ!” ಎಂದೆ. ಪೆಂಡಾಲು ಪೂರ್ತಿ ನಕ್ಕಿತು. ಅಣ್ಣನೂ ನಕ್ಕ. ಎದ್ದು ಹುಡುಗನ ಬೆನ್ನು ತಟ್ಟಿ, ಚಪ್ಪಲಿ ಹುಡುಕಿಕೊಂಡು, ಚರ್ಪಿಗೆ ಕಾಯದೆ ಮನೆಗೆ ಹೋದ. ಮರುದಿನ ಬಂದಾಗ ಆ ಮಾತೇ ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಆದರೆ ಅಂದಿನಿಂದ ಅವನು ನನಗೆ ಪ್ರಶ್ನೆ ಕೇಳುವುದನ್ನು ನಿಲ್ಲಿಸಿದ. ಊಟ, ಔಷಧಿ, ಪಿಂಚಣಿ, ಮಳೆ—ಮಾತೆಲ್ಲ ಇತ್ತು. ಪ್ರಶ್ನೆ ಮಾತ್ರ ಇಲ್ಲ.

ಮೂರು ವರ್ಷ ಹೀಗೆ ಕಳೆಯಿತು. 2012ರ ಡಿಸೆಂಬರಿನಲ್ಲಿ ಒಂದು ಬೆಳಿಗ್ಗೆ ಪತ್ರಿಕೆಯ ಒಳಪುಟದ ಮೂಲೆಯಲ್ಲಿ ಪುಟ್ಟ ಸುದ್ದಿಯೊಂದು ಕಣ್ಣಿಗೆ ಬಿತ್ತು. ಈಕ್ವೆಡಾರಿನ ಸಾಂಪ್ರದಾಯಿಕ ಹುಲ್ಲುಟೋಪಿ ನೇಯ್ಗೆಯನ್ನು ಯುನೆಸ್ಕೊ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿಕೊಂಡಿದೆ. ಅದೇ ಜಗತ್ತು ಪನಾಮ ಟೋಪಿ ಎನ್ನುವ ಟೋಪಿ. ಎಣಿಸಿದೆ. ನಾಲ್ಕೇ ಸಾಲು ಇತ್ತು.

ಗ್ರಂಥಾಲಯಕ್ಕೆ ಹೋಗಿ ವಿಶ್ವಕೋಶ ತೆಗೆದೆ. ಟೊಕಿಯಾ ಎಂಬ, ತಾಳೆಯಂತೆ ಕಾಣುವ ಗಿಡದ ಎಳೆಗರಿಯನ್ನು ಸೀಳಿ, ಕುದಿಸಿ, ಒಣಗಿಸಿ, ಆ ಎಳೆಗಳಿಂದ ಈಕ್ವೆಡಾರಿನ ಮೊಂಟೆಕ್ರಿಸ್ಟಿ, ಕ್ವೆಂಕಾ ಕಡೆಯವರು ಕೈಯಲ್ಲಿ ಹೆಣೆಯುವ ಟೋಪಿ ಅದು. ಒಳ್ಳೆಯದಾದರೆ ಒಂದು ಟೋಪಿಗೆ ತಿಂಗಳುಗಟ್ಟಲೆ ಕೆಲಸ. ಅಲ್ಲಿಂದ ಹಡಗಿನಲ್ಲಿ ಪನಾಮಕ್ಕೆ ಬಂದು ಮಾರಾಟವಾಗುತ್ತಿತ್ತು. 1849ರಲ್ಲಿ ಕ್ಯಾಲಿಫೋರ್ನಿಯಾದ ಚಿನ್ನಕ್ಕೆಂದು ಪನಾಮದ ಮೂಲಕ ಓಡಿದವರು ಅಲ್ಲಿ ಕೊಂಡು ಕೊಂಡ ಊರಿನ ಹೆಸರಿಟ್ಟರು. 1906ರಲ್ಲಿ ಕಾಲುವೆಯ ಕೆಲಸ ನೋಡಲು ಬಂದ ಅಮೆರಿಕದ ಅಧ್ಯಕ್ಷ ಥಿಯೊಡರ್ ರೂಸ್‌ವೆಲ್ಟರು ಅಂಥದೊಂದನ್ನು ಹಾಕಿಕೊಂಡು ತೆಗೆಸಿಕೊಂಡ ಛಾಯಾಚಿತ್ರ ಪ್ರಪಂಚವನ್ನೆಲ್ಲ ಸುತ್ತಿ ಆ ಹೆಸರನ್ನು ಗಟ್ಟಿ ಮಾಡಿತು. ನೇಯ್ದವರ ಊರು ಹೋಯಿತು. ಮಾರಿದವರ ಊರು ಉಳಿಯಿತು. ನೂರು ವರ್ಷಗಳ ಯುದ್ಧ ನೂರು ವರ್ಷ ನಡೆಯಲಿಲ್ಲವೆಂದು ಜೀವಮಾನವಿಡೀ ಮಕ್ಕಳಿಗೆ ಹೇಳಿಕೊಟ್ಟ ಚರಿತ್ರೆಯ ಮೇಷ್ಟರಿಗೆ ಪನಾಮ ಹೀಗೆ ಟೋಪಿ ಹಾಕಿತ್ತು.

ಪತ್ರಿಕೆಯ ಆ ಚೂರನ್ನು ಕತ್ತರಿಸಿ ಜೇಬಿನಲ್ಲಿಟ್ಟುಕೊಂಡು ಅಣ್ಣನ ಮನೆಗೆ ಹೋದೆ. ಹೋಗಲು ಎರಡು ದಿನ ಬೇಕಾಯಿತು, ಮನೆ ಎರಡು ಬೀದಿಯ ಆಚೆ. ಅವನು ಹಿತ್ತಲಿನಲ್ಲಿ ಬಿಸಿಲು ಕಾಯಿಸಿಕೊಳ್ಳುತ್ತ ಕುಳಿತಿದ್ದ. ಚೂರನ್ನು ಕೈಗೆ ಕೊಟ್ಟೆ. ಕನ್ನಡಕ ಹಾಕಿಕೊಂಡು, ಅದನ್ನು ಓದುವ ಮೊದಲು ಅಕ್ಷರಗಳ ಅಂತರವನ್ನೂ ಸಾಲಿನ ಅಂಚನ್ನೂ ನೋಡಿದ.

“ಇದು ನಾನು ಮೊದಲು ಜೋಡಿಸಿದ್ದು ಐವತ್ತೇಳರಲ್ಲಿ” ಎಂದ. “ಕೆಳಗೆ ಒಂದು ಗಡಿಯಾರದ ಜಾಹೀರಾತು ಇತ್ತು.”

“ನನ್ನಿಂದ ತಪ್ಪಾಯಿತು ಅಣ್ಣ.”

“ಕಾರ್ಡಿನಲ್ಲಿ ಪನಾಮ ಅಂತ ಇತ್ತೇನು?”

“ಹೌದು.”

“ಹಾಗಾದರೆ ಜೋಡಿಸಿದವನ ತಪ್ಪು. ಪ್ರೂಫು ನೋಡಿದವನೂ ನಿದ್ದೆ ಹೊಡೆದಿದ್ದಾನೆ. ಓದಿದವನದು ಏನು ತಪ್ಪು?”

ಕಾರ್ಡು ಬರೆದವನೂ ನಾನೇ, ನೋಡಿದವನೂ ನಾನೇ ಎಂದು ಹೇಳಿದೆ. ಭೂಪಟದ ಮಾತನ್ನೂ ಹೇಳಬೇಕೆಂದಿದ್ದೆ, ಬಾಯಿಗೆ ಬರಲಿಲ್ಲ. ಅವನು ಚೂರನ್ನು ನಾಲ್ಕು ಮಡಿಕೆ ಮಾಡಿ ಕನ್ನಡಕದ ಪೆಟ್ಟಿಗೆಯೊಳಗೆ ಇಟ್ಟುಕೊಂಡ. ಒಳಗಿನಿಂದ ಅತ್ತಿಗೆ ಕಾಫಿ ತಂದಿಟ್ಟು ಹೋದರು. ಗಣೇಶನ ಪೆಂಡಾಲಿನಲ್ಲಿ ಮುಂದಿನ ವರ್ಷ ಮೈಕಿನಲ್ಲೇ ಇದನ್ನು ತಿದ್ದಿ ಹೇಳುತ್ತೇನೆ, ಬಹುಮಾನ ನಿನ್ನದೆಂದು ಸಾರುತ್ತೇನೆ ಎಂದೆ. ಪತ್ರಿಕೆಯವರು ತಿದ್ದುಪಡಿ ಹಾಕುವುದಿಲ್ಲವೆ ಎಂದೆ.

“ತಿದ್ದುಪಡಿ ಬೇಕಾದರೆ ಹಾಕು. ಆದರೆ ಆ ಹುಡುಗನ ಮನೆಗೆ ಹೋಗಿ ಡಬ್ಬಿ ಮಾತ್ರ ವಾಪಸು ಕೇಳಬೇಡ” ಎಂದ ಅಣ್ಣ, ಕಾಫಿ ಆರಿಸುತ್ತ. “ಅವರಮ್ಮ ಈಗಾಗಲೇ ಅದರಲ್ಲಿ ಸಂಡಿಗೆ ತುಂಬಿಟ್ಟಿರುತ್ತಾರೆ. ಅದಿರಲಿ, ಟರ್ಕಿ ಕೋಳಿಗೆ ಟರ್ಕಿಯಲ್ಲಿ ಏನನ್ನುತ್ತಾರೆ ಹೇಳು ನೋಡೋಣ?”